ಪ್ಯಾಡ್ ಕಟ್ಟಿ ಕಾದ ಹುಡುಗ: ಶಾಲಾ ಮೈದಾನದಿಂದ ಮುಂದಿನ ಹಾದಿ



ಶಾಲಾ ವಾರ್ಷಿಕೋತ್ಸವದ ದಿನ ನಮ್ಮ ಊರುಗಳಲ್ಲೆಲ್ಲ ಒಂದು ದೃಶ್ಯ ಕಾಣುತ್ತದೆ. ದೈಹಿಕ ಶಿಕ್ಷಕರು ಒಂದು ಹೆಸರನ್ನು ಕೂಗುತ್ತಾರೆ. ಹುಡುಗನೋ ಹುಡುಗಿಯೋ ವೇದಿಕೆ ಹತ್ತಿ ಮುಖ್ಯ ಅತಿಥಿಗಳ ಕೈಯಿಂದ ‘ವೈಯಕ್ತಿಕ ಚಾಂಪಿಯನ್’ ಕಪ್ಪನ್ನು ಪಡೆಯುತ್ತಾರೆ. ಜೋರು ಚಪ್ಪಾಳೆ. ಅದಾದ ಮೇಲೆ ಹತ್ತನೆಯ ತರಗತಿಯ ಪರೀಕ್ಷೆ ಬರುತ್ತದೆ, ಪಿಯುಸಿ ಬರುತ್ತದೆ. ಐದು ವರ್ಷ ಕಳೆದ ಮೇಲೆ ಆ ಚಾಂಪಿಯನ್ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಕೇಳುವವರು ವಿರಳ.

ಈ ಕಂತಿನ ಮಾತುಕತೆಗೆ ಹಿನ್ನೆಲೆಯಾಗಿ ಆ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ. ಶಾಲೆಯಲ್ಲಿ ಎಲ್ಲರನ್ನೂ ಮೀರಿ ಬೆಳಗಿದ ಆಟಗಾರರು ಶಾಲೆ ಬಿಟ್ಟ ನಂತರ ಏನಾಗುತ್ತಾರೆ? ಉತ್ತರಕ್ಕೆ ಒಂದೇ ಪಂದ್ಯವನ್ನು ಹಿಡಿದು ಹೊರಟರೂ ಸಾಕು. ನಮ್ಮ ದೇಶದ ಶಾಲಾ ಕ್ರೀಡೆಯ ಇತಿಹಾಸದಲ್ಲಿ ಅಷ್ಟು ಪ್ರಸಿದ್ಧವಾದ ಪಂದ್ಯ ಬೇರೊಂದಿಲ್ಲ.

ಆಜಾದ್ ಮೈದಾನದ ಆ ಪಂದ್ಯ

1988ರ ಫೆಬ್ರವರಿ ತಿಂಗಳು. ಆಗಿನ ಬೊಂಬಾಯಿಯ ಆಜಾದ್ ಮೈದಾನದಲ್ಲಿ ಹ್ಯಾರಿಸ್ ಶೀಲ್ಡ್ ಅಂತರಶಾಲಾ ಪಂದ್ಯಾವಳಿಯ ಸೆಮಿಫೈನಲ್ ನಡೆಯುತ್ತಿತ್ತು. ಒಂದು ಕಡೆ ಶಾರದಾಶ್ರಮ ವಿದ್ಯಾಮಂದಿರ, ಇನ್ನೊಂದು ಕಡೆ ಸೇಂಟ್ ಕ್ಸೇವಿಯರ್ಸ್ ಪ್ರೌಢಶಾಲೆ. ಶಾರದಾಶ್ರಮದ ಮೊತ್ತ 84 ಆಗಿದ್ದಾಗ ಎರಡನೆಯ ವಿಕೆಟ್ ಬಿತ್ತು. ಅಲ್ಲಿಂದ ಮುಂದೆ ವಿಕೆಟ್ಟೇ ಬೀಳಲಿಲ್ಲ. ಹದಿನಾರು ವರ್ಷದ ವಿನೋದ್ ಕಾಂಬ್ಳಿ ಅಜೇಯ 349, ಹದಿನೈದು ಇನ್ನೂ ತುಂಬದ ಸಚಿನ್ ತೆಂಡೂಲ್ಕರ್ ಅಜೇಯ 326. ಮುರಿಯದ ಮೂರನೆಯ ವಿಕೆಟ್ ಜತೆಯಾಟದಲ್ಲಿ ಬಂದದ್ದು 664 ರನ್. ತಂಡದ ಮೊತ್ತ 2 ವಿಕೆಟ್‌ಗೆ 748. ಇನಿಂಗ್ಸ್ ಮುಗಿಸಿಕೊಳ್ಳಿ ಎಂದು ಹೊರಗಿನಿಂದ ಸನ್ನೆ ಮಾಡಿದರೂ ಹುಡುಗರು ಕಾಣದವರಂತೆ ಆಡುತ್ತಲೇ ಹೋದರು ಎಂಬ ಕಥೆಯನ್ನು ಮುಂಬಯಿಯ ಮೈದಾನಗಳಲ್ಲಿ ಇಂದಿಗೂ ಹೇಳುತ್ತಾರೆ. ಆಮೇಲೆ ಕಾಂಬ್ಳಿಯೇ ಚೆಂಡು ಹಿಡಿದು 37 ರನ್‌ಗೆ 6 ವಿಕೆಟ್ ಕಿತ್ತ. ಎದುರಾಳಿಗಳು 145ಕ್ಕೆ ಮುಗಿದರು.

ಪತ್ರಿಕೆಗಳು ಬರೆದದ್ದು ಈ ಇಬ್ಬರ ಬಗ್ಗೆ. ಆದರೆ ಮೈದಾನದ ಅಂಚಿನಲ್ಲಿ ಮೂರನೆಯ ಹುಡುಗನೊಬ್ಬನಿದ್ದ. ಹೆಸರು ಅಮೋಲ್ ಮುಜುಂದಾರ್, ವಯಸ್ಸು ಹದಿಮೂರು. ಮುಂದಿನ ದಾಂಡಿಗ ಅವನೇ. ಪ್ಯಾಡ್ ಕಟ್ಟಿಕೊಂಡು, ಯಾವ ಕ್ಷಣದಲ್ಲಾದರೂ ಕರೆ ಬರಬಹುದೆಂದು ಕಾದು ಕುಳಿತ. ಅವನ ಸರದಿ ಬರಲೇ ಇಲ್ಲ.

ಪ್ರತಿಭೆ ಈ ಮೂವರಲ್ಲೂ ಇತ್ತು. ಗುರು ಒಬ್ಬರೇ, ಶಾಲೆ ಒಂದೇ, ಮೈದಾನವೂ ಒಂದೇ. ಆದರೂ ಮೂವರ ಹಾದಿ ಮೂರು ದಿಕ್ಕಿಗೆ ಹೋಯಿತು. ಅದು ಹೇಗೆಂದು ನೋಡುವ ಮೊದಲು ಆ ಮೈದಾನದ ಹಿನ್ನೆಲೆಯನ್ನು ತಿಳಿಯಬೇಕು.

ಏಣಿಯ ಮೊದಲ ಮೆಟ್ಟಿಲು

ಹ್ಯಾರಿಸ್ ಶೀಲ್ಡ್ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ. 1890ರಿಂದ 1895ರವರೆಗೆ ಬೊಂಬಾಯಿಯ ಗವರ್ನರಾಗಿದ್ದ ಲಾರ್ಡ್ ಹ್ಯಾರಿಸರ ಹೆಸರು ಅದಕ್ಕೆ. ಚಿಕ್ಕ ವಯಸ್ಸಿನವರಿಗೆ ಜೈಲ್ಸ್ ಶೀಲ್ಡ್, ದೊಡ್ಡ ತರಗತಿಗಳವರಿಗೆ ಹ್ಯಾರಿಸ್ ಶೀಲ್ಡ್. ಹೀಗೆ ಎರಡು ಪಂದ್ಯಾವಳಿಗಳು ಮುಂಬಯಿಯ ಹುಡುಗರನ್ನು ತಲೆಮಾರುಗಳಿಂದ ಸೋಸುತ್ತ ಬಂದಿವೆ.

ಶಾಲೆಯ ನಂತರವೂ ಒಂದು ಏಣಿ ಸಿದ್ಧವಾಗಿತ್ತು. ಕಾಲೇಜಿಗೆ ಸೇರಿದವರಿಗೆ 1935ರಲ್ಲಿ ಆರಂಭವಾದ ರೋಹಿಂಟನ್ ಬಾರಿಯಾ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ. ಓದು ಮುಗಿಸಿದವರಿಗೆ ಬ್ಯಾಂಕು, ಗಿರಣಿ, ಸಿಮೆಂಟ್ ಕಂಪನಿಗಳ ತಂಡಗಳಲ್ಲಿ ಕೆಲಸ. ಈ ಕಚೇರಿ ತಂಡಗಳು ಟೈಮ್ಸ್ ಶೀಲ್ಡ್‌ಗಾಗಿ ಸೆಣಸುತ್ತಿದ್ದವು. ಅದರ ಮೇಲಿನ ಮೆಟ್ಟಿಲು ರಣಜಿ ಟ್ರೋಫಿ, ಅದಕ್ಕೂ ಮೇಲೆ ಭಾರತ ತಂಡ. ಸುನಿಲ್ ಗಾವಸ್ಕರ್ ಸೇಂಟ್ ಕ್ಸೇವಿಯರ್ಸ್ ಶಾಲೆಯಿಂದ ಸೇಂಟ್ ಕ್ಸೇವಿಯರ್ಸ್ ಕಾಲೇಜಿಗೆ, ಅಲ್ಲಿಂದ ಮುಂದಕ್ಕೆ ಹತ್ತಿದ್ದು ಈ ಏಣಿಯನ್ನೇ. ನಮ್ಮ ಗುಂಡಪ್ಪ ವಿಶ್ವನಾಥ್ ಸ್ಟೇಟ್ ಬ್ಯಾಂಕಿನ ಉದ್ಯೋಗದಲ್ಲಿದ್ದುಕೊಂಡೇ ಟೆಸ್ಟ್ ಆಡಿದರು. 1967ರಲ್ಲಿ ಇಂಗ್ಲೆಂಡಿಗೆ ಹೋದ ಭಾರತೀಯ ಶಾಲಾ ತಂಡದಲ್ಲಿ ಬೆಂಗಳೂರಿನ ಸೈಯದ್ ಕಿರ್ಮಾನಿ ಇದ್ದರು. ಹದಿನಾರು ವರ್ಷಗಳ ನಂತರ ಅದೇ ಇಂಗ್ಲೆಂಡಿನಲ್ಲಿ ಅವರು ವಿಶ್ವಕಪ್ ಗೆದ್ದ ತಂಡದ ವಿಕೆಟ್ ಕೀಪರ್.

ಈ ಏಣಿಯ ಒಂದು ಗುಣವನ್ನು ಗಮನಿಸಬೇಕು. ಮೇಲಿನ ಮೆಟ್ಟಿಲು ತಪ್ಪಿದರೂ ಕೆಳಗಿನ ಮೆಟ್ಟಿಲಲ್ಲಿ ಒಂದು ಸಂಬಳವಿತ್ತು. ಶಾರದಾಶ್ರಮದ ಹುಡುಗರ ಗುರು ರಮಾಕಾಂತ್ ಆಚ್ರೇಕರ್ ಅವರೇ ಇದಕ್ಕೆ ಸಾಕ್ಷಿ. ಪ್ರಥಮ ದರ್ಜೆಯಲ್ಲಿ ಅವರು ಆಡಿದ್ದು ಒಂದೇ ಒಂದು ಪಂದ್ಯ, ಅದೂ ಸ್ಟೇಟ್ ಬ್ಯಾಂಕ್ ತಂಡದ ಪರವಾಗಿ. ಆಟಗಾರನಾಗಿ ಅವರ ಕಥೆ ಅಲ್ಲಿಗೇ ನಿಂತಿತು. ಆದರೆ ಶಿವಾಜಿ ಪಾರ್ಕಿನಲ್ಲಿ ಅವರು ಕಟ್ಟಿದ ಬಿಡಾರದಿಂದ ಒಬ್ಬರ ಹಿಂದೆ ಒಬ್ಬರಂತೆ ಭಾರತ ತಂಡದ ಆಟಗಾರರು ಹೊರಬಂದರು. 1990ರಲ್ಲಿ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿಯೂ 2010ರಲ್ಲಿ ಪದ್ಮಶ್ರೀಯೂ ಸಂದವು. 2019ರ ಜನವರಿ 2ರಂದು ಅವರು ತೀರಿಕೊಂಡರು.

ಇಬ್ಬರು ಗೆಳೆಯರು

ಸಚಿನ್ ಕಥೆ ನಿಮಗೆಲ್ಲ ಗೊತ್ತಿರುವುದೇ. ಆದರೂ ಅದರ ಆರಂಭದ ಎರಡು ಸಂಗತಿಗಳನ್ನು ನೆನೆಯುವುದು ಉಚಿತ. ಮೊದಲನೆಯದು, ಆಚ್ರೇಕರ್ ಸಲಹೆಯಂತೆ ಮನೆಯವರು ಅವನ ಶಾಲೆಯನ್ನೇ ಬದಲಿಸಿದರು. ಬಾಂದ್ರಾದ ಮನೆಯಿಂದ ದಿನವೂ ಓಡಾಡುವುದು ಕಷ್ಟವೆಂದು ಹುಡುಗ ಶಿವಾಜಿ ಪಾರ್ಕಿನ ಬಳಿ ಚಿಕ್ಕಮ್ಮ, ಚಿಕ್ಕಪ್ಪನ ಮನೆಯಲ್ಲಿ ಉಳಿದ. ಅಂದರೆ ಒಬ್ಬ ಬಾಲಕನ ಹಿಂದೆ ಎರಡು ಕುಟುಂಬಗಳು ನಿಂತಿದ್ದವು. ಎರಡನೆಯದು, 1987ರಲ್ಲಿ ಬೊಂಬಾಯಿಯ ಅತ್ಯುತ್ತಮ ಕಿರಿಯ ಆಟಗಾರ ಪ್ರಶಸ್ತಿ ಅವನ ಕೈತಪ್ಪಿದಾಗ ಗಾವಸ್ಕರ್ ಒಂದು ಪತ್ರ ಬರೆದರು. ಆ ಪ್ರಶಸ್ತಿ ಸಿಗದ ಇನ್ನೊಬ್ಬನೂ ಟೆಸ್ಟ್ ಕ್ರಿಕೆಟ್‌ನಲ್ಲಿ ತೀರ ಕೆಟ್ಟದಾಗಿ ಆಡಲಿಲ್ಲ ಎಂಬ ಅರ್ಥದ ಮಾತು ಅದರಲ್ಲಿತ್ತು. ಆ ‘ಇನ್ನೊಬ್ಬ’ ಗಾವಸ್ಕರರೇ.

ಹ್ಯಾರಿಸ್ ಶೀಲ್ಡ್ ಪಂದ್ಯ ನಡೆದ ವರ್ಷದ ಡಿಸೆಂಬರಿನಲ್ಲೇ ಸಚಿನ್ ಗುಜರಾತಿನ ವಿರುದ್ಧ ತಮ್ಮ ಮೊದಲ ರಣಜಿ ಪಂದ್ಯದಲ್ಲಿ ಶತಕ ಬಾರಿಸಿದರು. 1989ರ ನವೆಂಬರ್ 15ರಂದು ಕರಾಚಿಯಲ್ಲಿ ಟೆಸ್ಟ್ ಪ್ರವೇಶ, ವಯಸ್ಸು ಹದಿನಾರು. 200 ಟೆಸ್ಟ್, 15,921 ರನ್, ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲಿ ನೂರು ಶತಕಗಳು. 2013ರಲ್ಲಿ ನಿವೃತ್ತಿ, 2014ರಲ್ಲಿ ಭಾರತರತ್ನ. ಕಾಲೇಜು, ಕಚೇರಿ ಎಂಬ ಮೆಟ್ಟಿಲುಗಳನ್ನು ಮುಟ್ಟದೆಯೇ ಅವರು ನೇರ ಮೇಲಕ್ಕೆ ಏರಿದರು. ಅಂಥವರು ಶತಮಾನಕ್ಕೆ ಒಬ್ಬರು. ಆ ಹಾದಿಯನ್ನು ಉಳಿದವರಿಗೆ ಮಾದರಿ ಎಂದು ತೋರಿಸುವುದು ಅಪಾಯಕಾರಿ.

ಜತೆಗಾರ ಕಾಂಬ್ಳಿ ದೂರದ ಕಾಂಜೂರ್‌ಮಾರ್ಗ್‌ನಿಂದ ಲೋಕಲ್ ರೈಲಿನಲ್ಲಿ ಬರುತ್ತಿದ್ದ ಹುಡುಗ. ಟೆಸ್ಟ್ ಕರೆ ಬಂದದ್ದು 1993ರ ಆರಂಭದಲ್ಲಿ. ಆ ವರ್ಷ ಅವರು ಆಡಿದ ಆಟವನ್ನು ನೋಡಿದವರು ಮರೆಯಲಾರರು. ಮುಂಬಯಿಯಲ್ಲಿ ಇಂಗ್ಲೆಂಡಿನ ವಿರುದ್ಧ 224, ಮರು ಪಂದ್ಯದಲ್ಲಿ ದೆಹಲಿಯಲ್ಲಿ ಜಿಂಬಾಬ್ವೆ ವಿರುದ್ಧ 227, ಶ್ರೀಲಂಕಾದಲ್ಲಿ 125 ಮತ್ತು 120. ಸಾವಿರ ಟೆಸ್ಟ್ ರನ್ ತಲುಪಲು ಅವರಿಗೆ ಬೇಕಾದದ್ದು 14 ಇನಿಂಗ್ಸ್ ಮಾತ್ರ. ಇಷ್ಟಾಗಿಯೂ 1995ರ ನವೆಂಬರಿನಲ್ಲಿ ಅವರ ಟೆಸ್ಟ್ ಜೀವನ ಮುಗಿಯಿತು. 17 ಟೆಸ್ಟ್, 1,084 ರನ್, ಸರಾಸರಿ 54.20. ಆಗ ವಯಸ್ಸು ಇಪ್ಪತ್ತಮೂರು!

ಕಾರಣಗಳನ್ನು ಜನ ಬಗೆಬಗೆಯಾಗಿ ಹೇಳುತ್ತಾರೆ. ಎದೆಮಟ್ಟಕ್ಕೆ ಏಳುವ ಚೆಂಡಿನ ಎದುರು ತೊಡಕು ಎಂದರು ಕೆಲವರು, ಶಿಸ್ತಿನ ಕೊರತೆ ಎಂದರು ಇನ್ನು ಕೆಲವರು. ಏಕದಿನ ತಂಡದಲ್ಲಿ ಅವರು 2000ದವರೆಗೆ ಬಂದು ಹೋಗುತ್ತಿದ್ದರು. 2022ರಲ್ಲಿ ಮಂಡಳಿಯ ನಿವೃತ್ತಿ ವೇತನವೇ ತಮ್ಮ ಆದಾಯ ಎಂದು ಅವರೇ ಬಹಿರಂಗವಾಗಿ ಹೇಳಿಕೊಂಡು ಕೆಲಸ ಕೇಳಿದರು. 2024ರ ಡಿಸೆಂಬರಿನಲ್ಲಿ ಶಿವಾಜಿ ಪಾರ್ಕಿನಲ್ಲಿ ಗುರುಗಳ ಸ್ಮಾರಕ ಅನಾವರಣವಾದಾಗ ಹಳೆಯ ಜತೆಗಾರರಿಬ್ಬರೂ ಒಂದೇ ವೇದಿಕೆಯಲ್ಲಿ ಭೇಟಿಯಾದರು. ಅನಾರೋಗ್ಯದಿಂದ ಸೊರಗಿದ್ದ ಕಾಂಬ್ಳಿಯವರನ್ನು ಕಂಡು ಅನೇಕರ ಕಣ್ಣು ತೇವವಾಯಿತು.

ಇದನ್ನು ‘ಒಬ್ಬ ಗೆದ್ದ, ಒಬ್ಬ ಸೋತ’ ಎಂಬ ನೀತಿಕಥೆಯಾಗಿ ಓದುವುದು ಸುಲಭ. ಆದರೆ ಅದು ನ್ಯಾಯವಲ್ಲ. ದೇಶದ ಪರವಾಗಿ ಎರಡು ದ್ವಿಶತಕ ಬಾರಿಸಿದವರನ್ನು ಸೋತವರೆಂದು ಕರೆಯಲು ನಮಗೇನು ಅಧಿಕಾರ? ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಹದಿನಾರನೆಯ ವಯಸ್ಸಿನಲ್ಲಿ ಹೆಗಲ ಮೇಲೆ ಹೊತ್ತು ಮೆರೆಸಿದ ನಾವು, ಇಪ್ಪತ್ತಮೂರಕ್ಕೆ ಆಟ ನಿಂತ ತರುಣನ ಮುಂದೆ ಯಾವ ಎರಡನೆಯ ಬಾಗಿಲನ್ನು ತೆರೆದಿಟ್ಟಿದ್ದೆವು?

ಕಾದವನ ಹಾದಿ

ಈಗ ಮೂರನೆಯ ಹುಡುಗನ ಕಡೆ ತಿರುಗೋಣ. ಅಮೋಲ್ ಮುಜುಂದಾರ್ 1994ರಲ್ಲಿ ಹರಿಯಾಣದ ವಿರುದ್ಧ ತಮ್ಮ ಮೊದಲ ರಣಜಿ ಪಂದ್ಯದಲ್ಲೇ 260 ರನ್ ಹೊಡೆದರು. ಪ್ರಥಮ ದರ್ಜೆಯ ಪ್ರವೇಶ ಪಂದ್ಯದಲ್ಲಿ ಅದು ಆಗ ವಿಶ್ವದಾಖಲೆ. 2018ರವರೆಗೂ ಅದು ಉಳಿಯಿತು. ಇನ್ನೇನು ಭಾರತ ತಂಡದ ಕರೆ ಬಂದೇ ಬಿಟ್ಟಿತು ಎಂದುಕೊಂಡರು ಎಲ್ಲರೂ.

ಕರೆ ಬರಲಿಲ್ಲ. 1996ರ ಜೂನಿನಲ್ಲಿ ಲಾರ್ಡ್ಸ್ ಮೈದಾನದಲ್ಲಿ ಸೌರವ್ ಗಂಗೂಲಿ 131, ನಮ್ಮ ರಾಹುಲ್ ದ್ರಾವಿಡ್ 95 ರನ್ ಹೊಡೆದು ಟೆಸ್ಟ್ ಪ್ರವೇಶ ಮಾಡಿದರು. ಅದೇ ವರ್ಷ ನವೆಂಬರಿನಲ್ಲಿ ವಿ.ವಿ.ಎಸ್. ಲಕ್ಷ್ಮಣ್ ಬಂದರು. ಸಚಿನ್ ಮೊದಲೇ ಇದ್ದರು. ಮಧ್ಯಮ ಕ್ರಮಾಂಕದ ಬಾಗಿಲು ಹತ್ತು ವರ್ಷಕ್ಕೂ ಮಿಕ್ಕಿ ಮುಚ್ಚಿಹೋಯಿತು. ಮುಜುಂದಾರ್ ಮಾಡಿದ ತಪ್ಪೇನೂ ಇರಲಿಲ್ಲ. ತಂಡದಲ್ಲಿ ಇರುವುದು ಹನ್ನೊಂದೇ ಸ್ಥಾನ. ಆ ಕಾಲದಲ್ಲಿ ಹುಟ್ಟಿದ್ದೇ ಅವರ ದುರದೃಷ್ಟ.

ಆಜಾದ್ ಮೈದಾನದಲ್ಲಿ ಒಂದು ಪಂದ್ಯ ಕಾದಿದ್ದ ಹುಡುಗ ಈಗ ಇಪ್ಪತ್ತು ವರ್ಷ ಕಾದ. ಆದರೆ ಕೈಕಟ್ಟಿ ಕೂರಲಿಲ್ಲ. 2006-07ರಲ್ಲಿ ಮುಂಬಯಿ ತಂಡದ ನಾಯಕರಾಗಿ ರಣಜಿ ಗೆದ್ದರು. ಒಂದು ಹಂತದಲ್ಲಿ ರಣಜಿ ಟ್ರೋಫಿಯಲ್ಲಿ ಅತ್ಯಧಿಕ ರನ್ ಗಳಿಸಿದ ದಾಖಲೆ ಅವರದಾಗಿತ್ತು. ಮುಂಬಯಿಯಲ್ಲಿ ಸ್ಥಾನ ತಪ್ಪಿದಾಗ ಅಸ್ಸಾಮಿಗೆ, ಅಲ್ಲಿಂದ ಆಂಧ್ರಕ್ಕೆ ಹೋಗಿ ಆಡಿದರು. 2014ರಲ್ಲಿ ನಿವೃತ್ತರಾದಾಗ ಪ್ರಥಮ ದರ್ಜೆಯಲ್ಲಿ ಅವರ ಲೆಕ್ಕ 171 ಪಂದ್ಯ, 11,167 ರನ್, 30 ಶತಕ. ಭಾರತದ ಪರವಾಗಿ ಆಡಿದ ಪಂದ್ಯ ಸೊನ್ನೆ.

ಆಮೇಲೆ ಅವರು ತರಬೇತುದಾರರಾದರು. 2023ರ ಅಕ್ಟೋಬರಿನಲ್ಲಿ ಭಾರತ ಮಹಿಳಾ ತಂಡದ ಮುಖ್ಯ ತರಬೇತುದಾರರಾಗಿ ನೇಮಕಗೊಂಡರು. ಎರಡು ವರ್ಷಗಳ ನಂತರ ವಿಶ್ವಕಪ್ ಬಂತು. ಲೀಗ್ ಹಂತದಲ್ಲಿ ತಂಡ ಸತತ ಮೂರು ಪಂದ್ಯ ಸೋತು ಕಂಗೆಟ್ಟಿತು. ಆದರೂ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯದ ಎದುರು 339 ರನ್ ಗುರಿಯನ್ನು ದಾಟಿತು. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ದಕ್ಷಿಣ ಆಫ್ರಿಕವನ್ನು 52 ರನ್‌ಗಳಿಂದ ಸೋಲಿಸಿ ಹರ್ಮನ್‌ಪ್ರೀತ್ ಕೌರ್ ನಾಯಕತ್ವದ ತಂಡ ಮೊದಲ ಬಾರಿ ವಿಶ್ವಕಪ್ ಎತ್ತಿತು. ಆಟಗಾರನಾಗಿ ಒಮ್ಮೆಯೂ ಭಾರತದ ಟೋಪಿ ತೊಡದ ಮನುಷ್ಯ ಗುರುವಾಗಿ ಅಲ್ಲಿ ನಿಂತಿದ್ದರು. ಆಜಾದ್ ಮೈದಾನದಿಂದ ಅಲ್ಲಿಗೆ ರೈಲಿನಲ್ಲಿ ಹೋದರೆ ಸುಮಾರು ಒಂದು ಗಂಟೆಯ ದಾರಿ. ಮುಜುಂದಾರರಿಗೆ ಹಿಡಿದದ್ದು ಮೂವತ್ತೇಳು ವರ್ಷ.

ಆ ಫೈನಲ್‌ನಲ್ಲಿ 87 ರನ್ ಹೊಡೆದು 2 ವಿಕೆಟ್ ಪಡೆದ ಶೆಫಾಲಿ ವರ್ಮಾ ಕೂಡ ಶಾಲೆಯ ಮೈದಾನದ ಕೊಡುಗೆಯೇ. ಹದಿನೈದನೆಯ ವಯಸ್ಸಿನಲ್ಲಿ, 2019ರಲ್ಲಿ, ಆಕೆ ಭಾರತದ ಪರ ಆಡಲು ಆರಂಭಿಸಿದಳು. ಅದಕ್ಕೂ ಮುಂಚೆ ಹರಿಯಾಣದಲ್ಲಿ ಕೂದಲು ಕತ್ತರಿಸಿಕೊಂಡು ಹುಡುಗರ ನಡುವೆ ಆಡಬೇಕಾಗಿತ್ತು. ಹ್ಯಾರಿಸ್ ಶೀಲ್ಡ್‌ನಂಥ ಹಳೆಯ ಏಣಿಗಳು ಹುಡುಗರಿಗಾಗಿ ಕಟ್ಟಿದವು. ಭಾರತದ ಮಹಿಳೆಯರು ತಮ್ಮ ಮೊದಲ ಟೆಸ್ಟ್ ಆಡಿದ್ದು 1976ರಲ್ಲಿ, ನಮ್ಮ ಬೆಂಗಳೂರಿನಲ್ಲಿ, ಶಾಂತಾ ರಂಗಸ್ವಾಮಿಯವರ ನಾಯಕತ್ವದಲ್ಲಿ. ಆ ತಲೆಮಾರಿನವರು ಏಣಿ ಹತ್ತುವುದರ ಜತೆಗೆ ಅದನ್ನು ಕಟ್ಟಿಕೊಳ್ಳಲೂ ಬೇಕಾಯಿತು.

ದೊಡ್ಡ ಅಂಕಿ, ಎಳೆಯ ಹೆಗಲು

ಶಾಲಾ ಪಂದ್ಯದ ಬೃಹತ್ ಮೊತ್ತ ಭವಿಷ್ಯ ಹೇಳುತ್ತದೆಯೆ? ಇತಿಹಾಸ ಕೊಡುವ ಉತ್ತರ ಮಿಶ್ರವಾಗಿದೆ.

1899ರ ಜೂನಿನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಕ್ಲಿಫ್ಟನ್ ಕಾಲೇಜು ಎಂಬ ಶಾಲೆಯಲ್ಲಿ ಎ.ಇ.ಜೆ. ಕಾಲಿನ್ಸ್ ಎಂಬ ಹದಿಮೂರರ ಬಾಲಕ ಅಜೇಯ 628 ರನ್ ಗಳಿಸಿದ. ಅವನು ಹುಟ್ಟಿದ್ದು ನಮ್ಮ ದೇಶದ ಹಜಾರಿಬಾಗ್‌ನಲ್ಲಿ. ಆ ದಾಖಲೆ ನೂರಹದಿನಾರು ವರ್ಷ ಉಳಿಯಿತು. ಆದರೆ ಕಾಲಿನ್ಸ್ ಪ್ರಥಮ ದರ್ಜೆಯ ಒಂದು ಪಂದ್ಯವನ್ನೂ ಆಡಲಿಲ್ಲ. ಸೈನ್ಯದ ಎಂಜಿನಿಯರ್ ದಳಕ್ಕೆ ಸೇರಿ, 1914ರ ನವೆಂಬರ್ 11ರಂದು ಮೊದಲ ಮಹಾಯುದ್ಧದ ಈಪ್ರ ರಣರಂಗದಲ್ಲಿ ಮಡಿದ.

ಆ ದಾಖಲೆಯನ್ನು ಮುರಿದವರು ಪ್ರಣವ್ ಧನವಾಡೆ. 2016ರ ಜನವರಿಯಲ್ಲಿ ಮುಂಬಯಿ ಬಳಿಯ ಕಲ್ಯಾಣದಲ್ಲಿ ಅಂತರಶಾಲಾ ಪಂದ್ಯವೊಂದರಲ್ಲಿ ಅಜೇಯ 1,009 ರನ್! ಆಟೋ ಚಾಲಕರ ಮಗನಾದ ಆ ಹದಿನೈದರ ಹುಡುಗನ ಮನೆಯ ಮುಂದೆ ಒಂದೇ ರಾತ್ರಿಯಲ್ಲಿ ಕ್ಯಾಮೆರಾಗಳು ನೆರೆದವು. ಮುಂಬಯಿ ಕ್ರಿಕೆಟ್ ಸಂಸ್ಥೆ ತಿಂಗಳಿಗೆ 10,000 ರೂಪಾಯಿ ವಿದ್ಯಾರ್ಥಿವೇತನ ಘೋಷಿಸಿತು. ಮರು ವರ್ಷ, ಮಗನ ಬ್ಯಾಟಿನಿಂದ ನಿರೀಕ್ಷಿಸಿದಷ್ಟು ರನ್ ಬರುತ್ತಿಲ್ಲವೆಂದು, ಆ ಹಣವನ್ನು ನಿಲ್ಲಿಸುವಂತೆ ತಂದೆಯೇ ಕೇಳಿಕೊಂಡರು. ಆ ತಂದೆಯ ಸ್ವಾಭಿಮಾನಕ್ಕೆ ತಲೆಬಾಗಬೇಕು. ಅದರ ಜತೆಗೆ, ಎಳೆಯ ಹೆಗಲ ಮೇಲೆ ಒಂದು ಅಂಕಿ ಎಷ್ಟು ಭಾರವಾಗಬಲ್ಲುದು ಎಂಬುದನ್ನೂ ಅರಿಯಬೇಕು.

ಇನ್ನಿಬ್ಬರನ್ನು ನೋಡಿ. ಪೃಥ್ವಿ ಶಾ 2013ರಲ್ಲಿ ಹ್ಯಾರಿಸ್ ಶೀಲ್ಡ್‌ನಲ್ಲಿ 546 ಹೊಡೆದರು. 2018ರಲ್ಲಿ ದ್ರಾವಿಡ್ ತರಬೇತಿಯ ಹತ್ತೊಂಬತ್ತರೊಳಗಿನ ತಂಡಕ್ಕೆ ವಿಶ್ವಕಪ್ ಗೆದ್ದುಕೊಟ್ಟ ನಾಯಕ ಅವರೇ. ಅದೇ ವರ್ಷ ಟೆಸ್ಟ್ ಪ್ರವೇಶದಲ್ಲಿ ಶತಕ. 2020ರ ಡಿಸೆಂಬರಿನ ಅಡಿಲೇಡ್ ಪಂದ್ಯದ ನಂತರ ಟೆಸ್ಟ್ ತಂಡದಿಂದ ಹೊರಬಿದ್ದರು. ಸರ್ಫರಾಜ್ ಖಾನ್ 2009ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಅದೇ ಪಂದ್ಯಾವಳಿಯಲ್ಲಿ 439 ಹೊಡೆದರು. ಟೆಸ್ಟ್ ಟೋಪಿ ಸಿಕ್ಕಿದ್ದು 2024ರಲ್ಲಿ. ಅದೇ ವರ್ಷ ಅಕ್ಟೋಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಭಾರತ ಮೊದಲ ಇನಿಂಗ್ಸ್‌ನಲ್ಲಿ 46ಕ್ಕೆ ಕುಸಿದ ಪಂದ್ಯದಲ್ಲಿ, ಎರಡನೆಯ ಬಾರಿ ಆಡಲು ಇಳಿದು 150 ರನ್ ಗಳಿಸಿದರು. ಒಬ್ಬರಿಗೆ ಬಾಗಿಲು ಬೇಗ ತೆರೆದು ಬೇಗ ಮುಚ್ಚಿತು. ಇನ್ನೊಬ್ಬರು ಹದಿನಾಲ್ಕು ವರ್ಷ ತಟ್ಟಬೇಕಾಯಿತು.

1988ರ ಪಂದ್ಯದಲ್ಲೇ ಎದುರಾಳಿ ತಂಡದಲ್ಲಿದ್ದ ಸಾಯಿರಾಜ್ ಬಹುತುಲೆಯವರನ್ನೂ ಮರೆಯಬಾರದು. ಅಂದು ಒಂದೂ ವಿಕೆಟ್ ಸಿಗದೆ 182 ರನ್ ಕೊಟ್ಟ ಆ ಸ್ಪಿನ್ ಎಸೆತಗಾರ ಮುಂದೆ ಪ್ರಥಮ ದರ್ಜೆಯಲ್ಲಿ 600ಕ್ಕೂ ಹೆಚ್ಚು ವಿಕೆಟ್ ಪಡೆದು 2001ರಲ್ಲಿ ಭಾರತದ ಪರ ಟೆಸ್ಟ್ ಆಡಿದರು. ಶಾಲೆಯ ದಿನಗಳ ಸೋಲೂ ಭವಿಷ್ಯ ಹೇಳುವುದಿಲ್ಲ ಎಂದಾಯಿತು.

ಓದೋ, ಆಟವೋ?

ಈ ಪ್ರಶ್ನೆ ಪ್ರತಿ ಮನೆಯಲ್ಲೂ ಏಳುತ್ತದೆ. ಕರ್ನಾಟಕದ ಆ ತಲೆಮಾರಿನವರು ಕೊಟ್ಟ ಉತ್ತರ ಕುತೂಹಲಕರವಾಗಿದೆ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನ ಅನಿಲ್ ಕುಂಬ್ಳೆ 1990ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಟೆಸ್ಟ್ ಪ್ರವೇಶ ಮಾಡಿದಾಗ ಎಂಜಿನಿಯರಿಂಗ್ ವಿದ್ಯಾರ್ಥಿ. ಓದನ್ನು ಬಿಡದೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದರು, ಟೆಸ್ಟ್‌ನಲ್ಲಿ 619 ವಿಕೆಟ್ಟನ್ನೂ ಪಡೆದರು. ಮೈಸೂರಿನ ಮರಿಮಲ್ಲಪ್ಪ ಹೈಸ್ಕೂಲಿನ ಜಾವಗಲ್ ಶ್ರೀನಾಥ್ ಕೂಡ ಎಂಜಿನಿಯರಿಂಗ್ ಪದವೀಧರರೇ. ಸೇಂಟ್ ಜೋಸೆಫ್ ಶಾಲೆಯ ದ್ರಾವಿಡ್ ವಾಣಿಜ್ಯ ಪದವಿ ಮುಗಿಸಿ ಮುಂದಿನ ಓದಿನಲ್ಲಿದ್ದಾಗ ಭಾರತ ತಂಡ ಸೇರಿದರು.

ಓದಿದ್ದರಿಂದಲೇ ಇವರು ದೊಡ್ಡ ಆಟಗಾರರಾದರು ಎಂದು ಇದರರ್ಥವಲ್ಲ. ಆಟ ಕೈಕೊಟ್ಟಿದ್ದರೆ ಇವರ ಮುಂದೆ ಇನ್ನೊಂದು ಬಾಗಿಲು ಇರುತ್ತಿತ್ತು, ಅಷ್ಟೆ. ಆ ಭರವಸೆಯಿದ್ದವನು ನಿರಾಳವಾಗಿ ಆಡುತ್ತಾನೆ. ಇಂದು ಕಚೇರಿ ತಂಡಗಳ ಹಳೆಯ ವೈಭವ ಕುಗ್ಗಿದೆ. ವಿಶ್ವವಿದ್ಯಾಲಯ ಕ್ರಿಕೆಟ್‌ಗೆ ಮೊದಲಿನ ತೂಕವಿಲ್ಲ. 2008ರಲ್ಲಿ ಆರಂಭವಾದ ಐಪಿಎಲ್ ಕೆಲವರಿಗೆ ದೊಡ್ಡ ಹಣ ತಂದಿದೆ. ಆದರೆ ಅಲ್ಲಿಗೆ ತಲುಪದ ಬಹುಸಂಖ್ಯೆಯ ಹುಡುಗರಿಗೆ ಹಿಂದಿನಂತೆ ನಡುವಿನ ಮೆಟ್ಟಿಲುಗಳು ಸಿಗುತ್ತಿಲ್ಲ. ಹಾಗಾಗಿ ಎರಡನೆಯ ಬಾಗಿಲು ಹಿಂದಿಗಿಂತ ಇಂದು ಹೆಚ್ಚು ಅಗತ್ಯ. ಅದು ಪದವಿಯಾಗಬಹುದು, ತರಬೇತಿ ವಿದ್ಯೆಯಾಗಬಹುದು, ಅಂಪೈರ್ ಕೆಲಸವಾಗಬಹುದು.

ಆಜಾದ್ ಮೈದಾನದ ಆ ಪಂದ್ಯದಲ್ಲಿ ಆಡಿದ ಇಪ್ಪತ್ತೆರಡು ಹುಡುಗರಲ್ಲಿ ಟೆಸ್ಟ್ ಆಡಿದವರು ಮೂವರು. ದೇಶದಲ್ಲೇ ಅತಿ ಹೆಸರಾದ ಶಾಲಾ ಪಂದ್ಯದ ಲೆಕ್ಕವೇ ಇದು! ಉಳಿದವರು ದುಡಿದು ಬದುಕು ಕಟ್ಟಿಕೊಂಡಿರುತ್ತಾರೆ. ಶಾಲೆಯ ಆಟದ ಸಾರ್ಥಕತೆಯನ್ನು ಆ ಮೂವರಿಂದ ಮಾತ್ರ ಅಳೆದರೆ ಹತ್ತೊಂಬತ್ತು ಮಕ್ಕಳಿಗೆ ಅನ್ಯಾಯ ಮಾಡಿದಂತೆ. ನಿಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಈ ಸಲ ಕಪ್ಪು ಪಡೆಯುವ ಗೆಳೆಯನಿಗೋ ಗೆಳತಿಗೋ ಜೋರಾಗಿಯೇ ಚಪ್ಪಾಳೆ ತಟ್ಟಿ. ವೇದಿಕೆಯ ಕೆಳಗೆ, ಸರದಿ ಬಾರದೆ ಪ್ಯಾಡ್ ಬಿಚ್ಚುತ್ತಿರುವ ಒಬ್ಬರಿರುತ್ತಾರೆ. ಅವರನ್ನೂ ಒಮ್ಮೆ ಮಾತಾಡಿಸಿ.

ಚರ್ಚೆಗಾಗಿ

1. ನಿಮ್ಮ ಶಾಲೆ ಅಥವಾ ಕಾಲೇಜಿನ ಹಳೆಯ ಕ್ರೀಡಾ ಚಾಂಪಿಯನ್‌ಗಳು ಈಗ ಏನು ಮಾಡುತ್ತಿದ್ದಾರೆ? ಇಬ್ಬರನ್ನಾದರೂ ಕಂಡು, ಅವರ ಹಾದಿಯನ್ನು ಬರೆದು ತನ್ನಿ.

2. ಹದಿನೈದರ ವಯಸ್ಸಿನಲ್ಲಿ ಬರುವ ಅತಿಯಾದ ಪ್ರಚಾರ ಆಟಗಾರನಿಗೆ ನೆರವೋ ಹೊರೆಯೋ?

3. ಪ್ರತಿಭಾವಂತ ಆಟಗಾರರು ಓದನ್ನು ಬಿಡದಂತೆ ಶಾಲೆ, ಕಾಲೇಜುಗಳು ಹಾಜರಿ ಮತ್ತು ಪರೀಕ್ಷೆಯ ವಿಷಯದಲ್ಲಿ ಯಾವ ಅನುಕೂಲ ಮಾಡಿಕೊಡಬಹುದು?